ರಜೆಯಲ್ಲಿ ಲೆಕ್ಕ ಮರೆಯದಿರಲಿ: ಹಿಡಿಕಡ್ಡಿ, ಹಪ್ಪಳ, ಮಳೆ ಬಾಟಲಿಯಲ್ಲೇ ಇದೆ ಮಕ್ಕಳ ಗಣಿತ

ಶಿರಸಿ: ಏಪ್ರಿಲ್ 10ಕ್ಕೆ ಶಾಲೆಯಲ್ಲಿ ಫಲಿತಾಂಶ ಓದಿದ್ದಾಯ್ತು. ಮರುದಿನದಿಂದಲೇ ಬೇಸಿಗೆ ರಜೆ. ಅಜ್ಜನ ಮನೆ, ಮದುವೆ-ಮುಂಜಿ, ಗೇರು ಹಣ್ಣು, ಹೊಳೆ ಸ್ನಾನ ಎಂದು ಮಕ್ಕಳು ಓಡಾಡಿಕೊಂಡಿರುತ್ತಾರೆ. ಮೇ 29ಕ್ಕೆ ಶಾಲೆ ಬಾಗಿಲು ತೆಗೆದಾಗ ಶಿಕ್ಷಕರಿಗೆ ಪ್ರತಿ ವರ್ಷ ಕಾಣುವ ದೃಶ್ಯ ಒಂದೇ: ಮಾರ್ಚ್‌ನಲ್ಲಿ ಸಲೀಸಾಗಿ ಕಳೆಯುವ ಲೆಕ್ಕ ಮಾಡುತ್ತಿದ್ದ ಹುಡುಗ ಈಗ ಸ್ಲೇಟು ಹಿಡಿದು ಸುಮ್ಮನೆ ಕೂತಿರುತ್ತಾನೆ. ಕಥೆ ಮರೆತಿರುವುದಿಲ್ಲ, ಪದ್ಯ ಮರೆತಿರುವುದಿಲ್ಲ. ಮರೆತಿರುವುದು ಲೆಕ್ಕ ಮಾತ್ರ.

ಕಾರಣ ಸರಳ. ಮನೆಯಲ್ಲಿ ಮಾತು ನಡೆಯುತ್ತಲೇ ಇರುತ್ತದೆ, ಆದ್ದರಿಂದ ಭಾಷೆ ಉಳಿಯುತ್ತದೆ. ಲೆಕ್ಕ ಹಾಗಲ್ಲ. ಕೈ ಬಿಟ್ಟರೆ ಬಿಟ್ಟೇ ಹೋಗುತ್ತದೆ. ಅದರಲ್ಲೂ ಗಣಿತ ಎಂದರೆ ಮೆಟ್ಟಿಲು ಇದ್ದ ಹಾಗೆ. ಕಳೆಯುವುದು ಬಾರದಿದ್ದರೆ ಭಾಗಾಕಾರ ಬರುವುದಿಲ್ಲ. ಭಾಗಾಕಾರ ಬಾರದಿದ್ದರೆ ಭಿನ್ನರಾಶಿ ತಲೆಗೆ ಹತ್ತುವುದಿಲ್ಲ. 4ನೇ ತರಗತಿಯಲ್ಲಿ ತಪ್ಪಿದ ಮೆಟ್ಟಿಲು ಹೈಸ್ಕೂಲಿನಲ್ಲಿ ಕಾಲು ಎಡವುತ್ತದೆ. ಟ್ಯೂಷನ್ನಿಗೆ ಕಳಿಸುವ ಅನುಕೂಲ ಎಲ್ಲ ಮನೆಗೂ ಇಲ್ಲ. ಅದರ ಅಗತ್ಯವೂ ಇಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಯಂಗಳ, ತೋಟ, ಅಂಗಡಿಗಳಲ್ಲಿ ವರ್ಷದ ಎಲ್ಲ ಕಾಲಕ್ಕೂ ಬೇಕಾದಷ್ಟು ಲೆಕ್ಕ ಬಿದ್ದುಕೊಂಡಿದೆ. ದಿನಕ್ಕೆ 15 ನಿಮಿಷ ಸಾಕು.

ಮೊದಲ ಲೆಕ್ಕ ರಜೆಯದ್ದೇ ಆಗಲಿ. ಏಪ್ರಿಲ್ 11ರಿಂದ ಮೇ 28ರವರೆಗೆ ಎಷ್ಟು ದಿನ? ಏಪ್ರಿಲ್‌ನಲ್ಲಿ 20, ಮೇಯಲ್ಲಿ 28, ಒಟ್ಟು 48. ಎಷ್ಟು ವಾರ? 6 ವಾರ, ಮೇಲೆ 6 ದಿನ. ಕ್ಯಾಲೆಂಡರ್ ಕೈಗೆ ಕೊಟ್ಟು ಮಗುವಿಗೇ ಎಣಿಸಲು ಹೇಳಿ. ‘30ರಿಂದ 11 ಕಳೆದರೆ 19 ಅಲ್ವಾ, 20 ಹೇಗಾಯ್ತು?’ ಎಂದು ಕೇಳಿ ನೋಡಿ. ಮೊದಲ ದಿನವನ್ನೂ ಸೇರಿಸಿ ಎಣಿಸಬೇಕು ಎಂಬುದು ಅಲ್ಲೇ ಹೊಳೆಯುತ್ತದೆ. ದೊಡ್ಡವರೂ ಎಡವುವ ಜಾಗ ಅದು.

ಹಿಡಿಕಡ್ಡಿಯ ಕಟ್ಟು: ದಶಕ ಒಡೆಯುವ ಪಾಠ

3 ಮತ್ತು 4ನೇ ತರಗತಿಯಲ್ಲಿ ಹೆಚ್ಚು ಮಕ್ಕಳು ಎಡವುವುದು ‘ದಶಕ ತೆಗೆದುಕೊಂಡು ಕಳೆಯುವ’ ಲೆಕ್ಕದಲ್ಲಿ. 52ರಲ್ಲಿ 27 ಕಳೆ ಎಂದರೆ ಮಗು 35 ಎಂದು ಬರೆಯುತ್ತದೆ. ಹೇಗೆ? 5ರಲ್ಲಿ 2 ಹೋದರೆ 3. ಬಿಡಿ ಸ್ಥಾನದಲ್ಲಿ 2ರಲ್ಲಿ 7 ಹೋಗುವುದಿಲ್ಲ, ಹಾಗಾಗಿ ತಿರುಗಿಸಿ 7ರಲ್ಲಿ 2 ಕಳೆದು 5 ಬರೆದುಬಿಡುತ್ತದೆ. ಇದನ್ನು ಅಜಾಗರೂಕತೆ ಎಂದು ಬೈದರೆ ಪ್ರಯೋಜನವಿಲ್ಲ. 52 ಎಂದರೆ ಐದು ಹತ್ತು ಮತ್ತು ಎರಡು ಬಿಡಿ ಎನ್ನುವುದು ಅದರ ಕಣ್ಣಿಗೆ ಕಂಡಿಲ್ಲ, ಅಷ್ಟೇ.

ಬೇಸಿಗೆಯಲ್ಲಿ ತೆಂಗಿನ ಗರಿ ಸೀಳಿ ಹಿಡಿ ಕಟ್ಟುವ ಮನೆಗಳಲ್ಲಿ ಇದಕ್ಕೆ ಮದ್ದು ಸಿದ್ಧವಾಗಿಯೇ ಇದೆ. ಹಿಡಿಕಡ್ಡಿಗಳನ್ನು ಗೇಣುದ್ದ ಕತ್ತರಿಸಿ, ಹತ್ತು ಹತ್ತು ಸೇರಿಸಿ ಬಾಳೆನಾರಿನಲ್ಲಿ ಕಟ್ಟು ಕಟ್ಟಿಸಿ. ಐದು ಕಟ್ಟು, ಎರಡು ಬಿಡಿ ಕಡ್ಡಿ. ಇದು 52. ಈಗ ‘27 ಕಡ್ಡಿ ನಂಗೆ ಕೊಡು’ ಎನ್ನಿ. ಎರಡು ಕಟ್ಟು ಕೊಡುವುದು ಸುಲಭ. ಆದರೆ ಏಳು ಬಿಡಿ ಕಡ್ಡಿ ಎಲ್ಲಿದೆ? ಮಗು ಒಂದು ಕ್ಷಣ ತಡೆಯುತ್ತದೆ, ಆಮೇಲೆ ತಾನಾಗಿ ಒಂದು ಕಟ್ಟು ಬಿಚ್ಚುತ್ತದೆ. ಬಿಡಿ ಕಡ್ಡಿ ಈಗ 12. ಅದರಲ್ಲಿ 7 ಕೊಟ್ಟರೆ 5. ಉಳಿದ ಕಟ್ಟು 2. ಉತ್ತರ 25.

ಆ ನಾರು ಬಿಚ್ಚುವ ಕ್ಷಣವೇ ಪಾಠ. ಪುಸ್ತಕದಲ್ಲಿ 5ರ ಮೇಲೆ ಗೆರೆ ಎಳೆದು 4 ಎಂದು ಬರೆಯುವುದು ಇದೇ ಕೆಲಸ. ಒಂದು ವಾರ ಕಡ್ಡಿಯಲ್ಲಿ ಮಾಡಿಸಿ, ಆಮೇಲೆ ನೆಲದ ಮೇಲೆ ಉದ್ದ ಗೆರೆ ಮತ್ತು ಚುಕ್ಕಿ ಬರೆಸಿ, ಕೊನೆಗೆ ಅಂಕಿ ಬರೆಸಿ. ವಸ್ತು, ಚಿತ್ರ, ಅಂಕಿ ಈ ಕ್ರಮ ತಪ್ಪಿಸಬಾರದು. ಸರ್ಕಾರಿ ಶಾಲೆಯ ನಲಿಕಲಿ ತರಗತಿಗಳಲ್ಲಿ ಆಗುವುದೂ ಇದೇ. ಅಕ್ಷರ ಫೌಂಡೇಶನ್ ಜತೆಗೂಡಿ ರಾಜ್ಯದಲ್ಲಿ ನಡೆಸಿದ ‘ಗಣಿತ ಕಲಿಕಾ ಆಂದೋಲನ’ದಲ್ಲಿ ಶಾಲೆಗಳಿಗೆ ಬಂದ ಗಣಿತ ಕಿಟ್‌ನಲ್ಲೂ ಹತ್ತರ ಪಟ್ಟಿ, ಆಟಿಕೆ ನೋಟು, ಭಿನ್ನರಾಶಿಯ ತುಂಡುಗಳು ಇದ್ದದ್ದು ಇದೇ ಉದ್ದೇಶಕ್ಕೆ. ಕಿಟ್ ಶಾಲೆಯ ಕಪಾಟಿನಲ್ಲಿ ಇದ್ದರೂ ಹಿಡಿಕಡ್ಡಿ ಮನೆಯಲ್ಲೇ ಇದೆಯಲ್ಲ.

ಚಾಪೆ ಮೇಲೆ ಹಪ್ಪಳ, ಭರಣಿಯಲ್ಲಿ ಮಿಡಿ

ಹಲಸಿನ ಹಪ್ಪಳದ ಕಾಲ ಇದು. ಚಾಪೆ ಮೇಲೆ ಹಪ್ಪಳ ಸಾಲಾಗಿ ಒಣಗಲು ಹಾಕಿದರೆ ಮಗ್ಗಿ ಎದುರಿಗೇ ಬಿದ್ದುಕೊಂಡ ಹಾಗೆ. ಒಂದು ಸಾಲಿಗೆ 8, ಅಂಥ 12 ಸಾಲು. ಒಂದೊಂದೇ ಎಣಿಸಬಾರದು ಎಂಬುದು ಆಟದ ಷರತ್ತು. 12ರ ಮಗ್ಗಿ ಬಾರದ ಮಗು ಏನು ಮಾಡಬೇಕು? ಹತ್ತು ಸಾಲಿಗೆ 80, ಇನ್ನೆರಡು ಸಾಲಿಗೆ 16, ಒಟ್ಟು 96. ಈ ‘ಒಡೆದು ಗುಣಿಸುವ’ ಉಪಾಯ ಒಮ್ಮೆ ಕೈಗೆ ಸಿಕ್ಕರೆ ದೊಡ್ಡ ಗುಣಾಕಾರದ ಹೆದರಿಕೆ ಅರ್ಧ ಕಡಿಮೆ. ಕಾಗೆ 7 ಹಪ್ಪಳ ಹಾರಿಸಿಕೊಂಡು ಹೋದರೆ ಉಳಿದದ್ದೆಷ್ಟು? ನೂರಕ್ಕೆ ಇನ್ನೆಷ್ಟು ಬೇಕು? 25ರ ಕಟ್ಟು ಕಟ್ಟಿದರೆ ಎಷ್ಟು ಕಟ್ಟು? ಕಾಗೆ ಕಾಯುವ ಕೆಲಸದ ಜತೆಗೆ ಇಷ್ಟು ಲೆಕ್ಕ ಪುಕ್ಕಟೆ.

ಅಪ್ಪೆಮಿಡಿಯದ್ದು ಮತ್ತೊಂದು ಪಾಠ. ಮಿಡಿ ನೂರರ ಲೆಕ್ಕದಲ್ಲಿ ಕೈ ಬದಲಾಗುತ್ತದೆ. 350 ಮಿಡಿ ಇದೆ, ಒಂದು ಭರಣಿಗೆ 60 ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಭಾಗಿಸಿದರೆ 5, ಶೇಷ 50. ಶಾಲೆಯಲ್ಲಿ ‘ಶೇಷ 50’ ಎಂದು ಬರೆದರೆ ಲೆಕ್ಕ ಮುಗಿಯಿತು. ಮನೆಯಲ್ಲಿ ಹಾಗಲ್ಲ, ಆ 50 ಮಿಡಿ ಎಲ್ಲಿಗೆ ಹೋಗಬೇಕು? ಭರಣಿ ಆರು ಬೇಕು. ಶೇಷ ಎಂದರೆ ಮೂಲೆಯಲ್ಲಿ ಬರೆಯುವ ಅಂಕಿಯಲ್ಲ, ಕೈಯಲ್ಲಿ ಉಳಿದ ವಸ್ತು ಎಂಬುದು ಇಲ್ಲಿ ತಿಳಿಯುತ್ತದೆ.

ಗೇರುಬೀಜ ಹೆಕ್ಕುವ ಮಕ್ಕಳಿಗಂತೂ ಇದು ಕಾಸಿನ ಮಾತು. ಕಿಲೋಗೆ 120 ರೂ. ಎಂದು ಇಟ್ಟುಕೊಂಡರೆ 2 ಕಿಲೋ 750 ಗ್ರಾಂಗೆ ಎಷ್ಟು? ಎರಡು ಕಿಲೋಗೆ 240, ಅರ್ಧಕ್ಕೆ 60, ಕಾಲಿಗೆ 30. ಒಟ್ಟು 330 ರೂ. ಇಲ್ಲಿ ದಶಮಾಂಶದ ಗುಣಾಕಾರ ಬೇಕಾಗಲೇ ಇಲ್ಲ. ಕಾಲು, ಅರೆ, ಮುಕ್ಕಾಲು ಗೊತ್ತಿದ್ದರೆ ಸಾಕು. ಬೀಜ ತೂಗಿಸಿಕೊಂಡು ಬಂದ ಮಗು ತನ್ನ ದುಡ್ಡು ಸರಿಯಿದೆಯೇ ಎಂದು ತಾನೇ ನೋಡಿಕೊಳ್ಳುವುದು ಎಲ್ಲಕ್ಕಿಂತ ದೊಡ್ಡ ಪರೀಕ್ಷೆ. ಲೆಕ್ಕ ಗೊತ್ತಿಲ್ಲದವನಿಗೆ ಮೋಸ ಆದದ್ದೂ ಗೊತ್ತಾಗುವುದಿಲ್ಲ.

ಮನೆಯಲ್ಲಿ ಹಿರಿಯ ಅಜ್ಜ ಇದ್ದರೆ ಆಣೆಯ ಲೆಕ್ಕ ಕೇಳಿಸಿ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬರುವವರೆಗೆ ರೂಪಾಯಿಗೆ 16 ಆಣೆ. ನಾಲ್ಕಾಣೆ ಎಂದರೆ ಕಾಲು, ಎಂಟಾಣೆ ಎಂದರೆ ಅರ್ಧ, ಹನ್ನೆರಡಾಣೆ ಎಂದರೆ ಮುಕ್ಕಾಲು. ನಾಣ್ಯ ಹೋದರೂ ಆಣೆ ಹೋಗಿಲ್ಲ. ಪಹಣಿಯಲ್ಲಿ ಇಂದಿಗೂ 16 ಆಣೆಗೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಭಿನ್ನರಾಶಿ ಎಲ್ಲಿ ಉಪಯೋಗ ಎಂದು ಕೇಳುವ 5ನೇ ತರಗತಿಯವರಿಗೆ ಪಹಣಿ ತೋರಿಸಿದರೆ ಸಾಕು.

ಅಂಗಡಿಯವರು ಮನಸ್ಸು ಮಾಡಿದರೆ

ಹತ್ತು-ಹದಿನೈದು ವರ್ಷದ ಹಿಂದೆ ಮಕ್ಕಳಿಗೆ ಕಳೆಯುವ ಲೆಕ್ಕ ಕಲಿಸುತ್ತಿದ್ದದ್ದು ಕಿರಾಣಿ ಅಂಗಡಿ. ನೂರು ರೂಪಾಯಿ ಕೊಟ್ಟು ಕಳಿಸಿದರೆ ಸಾಮಾನು ಮತ್ತು ಚಿಲ್ಲರೆ ಎರಡೂ ಸರಿಯಾಗಿ ಮನೆಗೆ ಬರಬೇಕಿತ್ತು. ಈಗ ಮಗು ಮೊಬೈಲ್ ಹಿಡಿದುಕೊಂಡು ಬರುತ್ತದೆ, ಯುಪಿಐ ಸ್ಕ್ಯಾನ್ ಆಗುತ್ತದೆ, ‘ಟಿಂಗ್’ ಎಂದು ಸದ್ದು. ಚಿಲ್ಲರೆಯೂ ಇಲ್ಲ, ಲೆಕ್ಕವೂ ಇಲ್ಲ. ವ್ಯಾಪಾರಕ್ಕೆ ಅನುಕೂಲವೇ ಆಯ್ತು, ಆದರೆ ಮಕ್ಕಳ ಒಂದು ಶಾಲೆ ಮುಚ್ಚಿದ ಹಾಗಾಯ್ತು.

ಹಳೆಯ ಅಂಗಡಿಯವರು ಚಿಲ್ಲರೆ ಕೊಡುವ ರೀತಿ ನೆನಪಿಸಿಕೊಳ್ಳಿ. 73 ರೂ. ಸಾಮಾನು, ಕೊಟ್ಟದ್ದು 100. ಅವರು 100ರಲ್ಲಿ 73 ಕಳೆಯುವುದಿಲ್ಲ. ‘ಎಪ್ಪತ್ಮೂರು’ ಎಂದು 2 ರೂ. ಇಡುತ್ತಾರೆ, ‘ಎಪ್ಪತ್ತೈದು’, 5 ಇಡುತ್ತಾರೆ, ‘ಎಂಬತ್ತು’, 20ರ ನೋಟು ಇಡುತ್ತಾರೆ, ‘ನೂರು’. ಕೈಗೆ ಬಂದದ್ದು 27. ಕಳೆಯುವುದನ್ನು ಕೂಡುವುದಾಗಿ ಮಾಡಿಬಿಡುವ ಈ ಜಾಣತನದಲ್ಲಿ ದಶಕ ತೆಗೆಯುವ ತಲೆಬಿಸಿಯೇ ಇಲ್ಲ. ಎರಡು ಸಂಖ್ಯೆಗಳ ನಡುವಿನ ದೂರವೇ ವ್ಯತ್ಯಾಸ, ಆ ದೂರವನ್ನು ಕೆಳಗಿನಿಂದ ನಡೆದರೂ ಮೇಲಿನಿಂದ ನಡೆದರೂ ಒಂದೇ. ಶಾಲೆಯ ಸಂಖ್ಯಾರೇಖೆ ಹೇಳುವುದೂ ಇದನ್ನೇ.

ರಜೆಯ ದಿನಗಳಲ್ಲಿ ಅಂಗಡಿಯವರು ಮಾಡಬಹುದಾದದ್ದು ಇಷ್ಟು:

- ಗಿರಾಕಿ ಕಡಿಮೆ ಇರುವ ಮಧ್ಯಾಹ್ನದ ಹೊತ್ತಿನಲ್ಲಿ ಬಂದ ಮಗುವಿಗೆ ಮೊತ್ತ ಹೇಳುವ ಮೊದಲು ‘ಎಷ್ಟಾಯ್ತು ಹೇಳು ನೋಡ್ವ’ ಎಂದು ಕೇಳುವುದು.
- ನಗದು ಕೊಟ್ಟ ಮಗುವಿಗೆ ಚಿಲ್ಲರೆಯನ್ನು ಒಟ್ಟಿಗೆ ಕೈಗಿಡದೆ, ಮೇಲಿನ ರೀತಿ ಏರಿಸುತ್ತಾ ಎಣಿಸಿ ಕೊಡುವುದು.
- ಸಾಮಾನಿನ ಚೀಟಿಯಲ್ಲಿ ಒಟ್ಟು ಮೊತ್ತ ಬರೆಯದೆ ಖಾಲಿ ಬಿಟ್ಟು, ಮಗುವಿನ ಕೈಲೇ ಬರೆಸುವುದು. ತಪ್ಪಿದರೆ ನಗದೆ ‘ಇನ್ನೊಮ್ಮೆ ನೋಡು’ ಎನ್ನುವುದು.
- ಕಾಲು ಕಿಲೋ ಪೊಟ್ಟಣ 18 ರೂ., ಒಂದು ಕಿಲೋ ಪೊಟ್ಟಣ 64 ರೂ. ಇದ್ದರೆ ಯಾವುದು ಲಾಭ ಎಂದು ಕೇಳುವುದು. ನಾಲ್ಕು ಕಾಲಿಗೆ 72, ಹಾಗಾಗಿ ದೊಡ್ಡ ಪೊಟ್ಟಣವೇ ಅಗ್ಗ, 8 ರೂ. ಉಳಿತಾಯ.

ಪಾಲಕರ ಕೆಲಸ ಇನ್ನೂ ಚಿಕ್ಕದು. ವಾರಕ್ಕೆ ಒಂದು ದಿನ ಮಗುವಿನ ಕೈಗೆ ಮೊಬೈಲ್ ಬದಲು ನೋಟು ಕೊಟ್ಟು ಕಳಿಸಿ. ವಾರದ ಸಂತೆಗೆ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಚೀಲದ ತರಕಾರಿಗೆ ಒಟ್ಟು ಎಷ್ಟಾಗಬಹುದು ಎಂದು ಮೊದಲೇ ಅಂದಾಜು ಹೇಳಿಸಿ, ಮನೆಗೆ ಬಂದು ನಿಜವಾದ ಖರ್ಚಿನ ಜತೆ ಹೋಲಿಸಿ. ಅಂದಾಜು ಹತ್ತಿರ ಬರುತ್ತಾ ಹೋದರೆ ಮಗುವಿಗೆ ಲೆಕ್ಕದ ಮೇಲೆ ಹಿಡಿತ ಬರುತ್ತಿದೆ ಎಂದರ್ಥ.

ವ್ಯಾಪಾರದಿಂದ ಗಣಿತ ಕಲಿಸುವುದು ಹೊಸ ವಿಚಾರವೂ ಅಲ್ಲ. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲಿ ಬರೆದ ಗಣಿತ ಗ್ರಂಥದ ಹೆಸರೇ ‘ವ್ಯವಹಾರಗಣಿತ’. ಇಂದು ಶಾಲೆಗಳಲ್ಲಿ ನಡೆಯುವ ಮಕ್ಕಳ ಸಂತೆ, ಮೆಟ್ರಿಕ್ ಮೇಳಗಳಲ್ಲೂ ಮಕ್ಕಳು ಸೊಪ್ಪು, ಲಿಂಬು, ಚುರುಮುರಿ ಮಾರಿ ಕಲಿಯುವುದು ಅದನ್ನೇ. ಆದರೆ ಅದು ವರ್ಷಕ್ಕೊಂದು ದಿನ. ಅಂಗಡಿ ದಿನವೂ ತೆರೆದಿರುತ್ತದೆ.

ಮಳೆಗಾಲ: ಬಾಟಲಿಯಲ್ಲಿ ಮಿಲಿಮೀಟರ್

ಜೂನ್ ಬಂದರೆ ಮಲೆನಾಡಿನ ಶಾಲೆಗೆ ಇನ್ನೊಂದು ರಜೆ ಶುರು, ಮಳೆ ರಜೆ. ಜುಲೈನಲ್ಲಿ ಹೊಳೆ ಉಕ್ಕಿ, ಕಾಲುಸಂಕ ದಾಟಲಾಗದೆ, ಜಿಲ್ಲಾಡಳಿತ ರಜೆ ಘೋಷಿಸಿದಾಗ ಮಕ್ಕಳು ಮನೆಯೊಳಗೇ ಇರುತ್ತಾರೆ. ಆಗ ಮಾಡಿಸಬಹುದಾದದ್ದು ಮಳೆ ಮಾಪನ.

ನೆಟ್ಟಗಿನ ಗೋಡೆಯ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿ, ಆ ತುಂಡನ್ನೇ ತಲೆಕೆಳಗಾಗಿ ಆಲಿಕೆಯಂತೆ ಮೇಲೆ ಕೂರಿಸಿ. ಬಾಟಲಿಯ ತಳ ಉಬ್ಬುತಗ್ಗು ಇರುವುದರಿಂದ ಅಲ್ಲಿ ಅಳತೆ ತಪ್ಪುತ್ತದೆ. ಹಾಗಾಗಿ ತಳ ಮುಚ್ಚುವಷ್ಟು ನೀರು ಹಾಕಿ, ಆ ಮಟ್ಟಕ್ಕೆ ‘0’ ಎಂದು ಗೆರೆ ಎಳೆದು, ಅಲ್ಲಿಂದ ಮೇಲೆ ಸ್ಕೇಲಿನಲ್ಲಿ ಮಿಲಿಮೀಟರ್ ಗುರುತು ಹಾಕಿ. ಮರದಡಿ, ಸೂರಿನಡಿ ಬೇಡ, ಅಂಗಳದ ಬಯಲಲ್ಲಿ ಗಾಳಿಗೆ ಬೀಳದಂತೆ ಕಲ್ಲು ಒತ್ತಿಡಿ. ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ ನೋಡಿ ಬರೆದು, ನೀರನ್ನು ಮತ್ತೆ ‘0’ಗೆ ತರಬೇಕು. ಭಾರೀ ಮಳೆಯಲ್ಲಿ ಬಾಟಲಿ ತುಂಬಿ ಹರಿಯದಷ್ಟು ಉದ್ದದ್ದನ್ನೇ ಆರಿಸಿ.

ಒಂದು ವಾರದ ಮಳೆ 12, 0, 35, 68, 44, 9, 21 ಮಿ.ಮೀ. ಬಂತು ಎನ್ನಿ. ಕೂಡಿದರೆ 189, ಏಳರಿಂದ ಭಾಗಿಸಿದರೆ ದಿನದ ಸರಾಸರಿ 27. ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಕಂಬನಕ್ಷೆ ಬರೆಸಿದರೆ ದತ್ತಾಂಶದ ಪಾಠ ಆಯ್ತು. 0 ಬಂದ ದಿನವನ್ನೂ ಎಣಿಸಬೇಕೇ ಎಂದು ಮಗು ಕೇಳಿಯೇ ಕೇಳುತ್ತದೆ. ಎಣಿಸಬೇಕು, ಮಳೆ ಬಾರದ ದಿನವೂ ವಾರದ ದಿನವೇ.

ಹವಾಮಾನ ಇಲಾಖೆಯ ಮಾಪನದಂತೆ 24 ಗಂಟೆಯಲ್ಲಿ 64.5 ಮಿ.ಮೀ.ನಿಂದ ‘ಭಾರೀ ಮಳೆ’, 115.6ರಿಂದ ‘ಅತಿ ಭಾರೀ’, 204.4 ದಾಟಿದರೆ ‘ಅತ್ಯಂತ ಭಾರೀ’. ನಾಲ್ಕನೇ ದಿನದ 68 ಯಾವ ಸಾಲಿಗೆ? ಸುದ್ದಿಯಲ್ಲಿ ಬರುವ ಅಂಕಿಯನ್ನು ತಮ್ಮ ಬಾಟಲಿಯ ಅಂಕಿಯ ಜತೆ ಹೋಲಿಸುವುದು ಮಕ್ಕಳಿಗೆ ಬಲು ಖುಷಿ. ದಶಮಾಂಶ ಸಂಖ್ಯೆಗಳ ಹೋಲಿಕೆ ಗೊತ್ತಿಲ್ಲದೇ ಬರುತ್ತದೆ.

5ನೇ ತರಗತಿಯವರಿಗೆ ಒಂದು ಹೆಜ್ಜೆ ಮುಂದೆ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಬಿದ್ದರೆ ನೀರು ಸರಿಯಾಗಿ 1 ಲೀಟರ್. ಮನೆಯ ಮಾಡು ನೆಲದ ಮೇಲೆ 10 ಮೀಟರ್ ಉದ್ದ, 6 ಮೀಟರ್ ಅಗಲದ ಜಾಗ ಮುಚ್ಚಿದ್ದರೆ 60 ಚದರ ಮೀಟರ್. 68 ಮಿ.ಮೀ. ಮಳೆಯ ದಿನ ಅದರ ಮೇಲೆ ಬಿದ್ದದ್ದು 60 × 68 = 4080 ಲೀಟರ್. ಸಾವಿರ ಲೀಟರಿನ ನಾಲ್ಕು ಟ್ಯಾಂಕ್ ತುಂಬಿ ಮೇಲೆ 80 ಲೀಟರ್. ಇಳಿಜಾರು ಮಾಡಿನ ಹೆಂಚಿನ ಉದ್ದ ಅಳೆಯಬಾರದು, ಅದು ಮುಚ್ಚಿದ ನೆಲದ ಅಳತೆಯೇ ಲೆಕ್ಕ. ಏಪ್ರಿಲ್-ಮೇಯಲ್ಲಿ ಬಾವಿ ತಳ ಕಂಡು ನೀರಿಗೆ ಪರದಾಡುವ ಊರುಗಳ ಮಕ್ಕಳಿಗೆ ಈ ಉತ್ತರ ಬರೀ ಉತ್ತರವಾಗಿ ಉಳಿಯುವುದಿಲ್ಲ.

ಮಳೆಯ ಸಂಜೆಗೆ ಚೌಕಾಬಾರ, ಚೆನ್ನೆಮಣೆ ಇದ್ದೇ ಇದೆ. ಚೆನ್ನೆಮಣೆಯಲ್ಲಿ ಎರಡು ಸಾಲಿಗೆ ಏಳೇಳು ಗುಳಿ, ಗುಳಿಗೆ ನಾಲ್ಕು ಕಾಳು ಹಾಕಿದರೆ ಒಟ್ಟು 56. ಮಣೆ ಇಲ್ಲದಿದ್ದರೆ ಮೊಟ್ಟೆಯ ಟ್ರೇ, ಹುಣಸೆಬೀಜ ಸಾಕು. ಯಾವ ಗುಳಿಯಿಂದ ಹೊರಟರೆ ಕೊನೆ ಕಾಳು ಎಲ್ಲಿ ಬೀಳುತ್ತದೆ ಎಂದು ಮೊದಲೇ ಹೇಳುವುದನ್ನು ಕಲಿತ ಮಗು ಮನಸ್ಸಿನಲ್ಲೇ ಕೂಡುವುದನ್ನು ಕಲಿತಿರುತ್ತದೆ. 1-2ನೇ ತರಗತಿಗೆ ಇದಕ್ಕಿಂತ ಒಳ್ಳೆ ಪುನರಾವರ್ತನೆ ಇಲ್ಲ.

ದೊಡ್ಡಹಬ್ಬ, ಕೊನೆಕೊಯ್ಲು, ಜಾತ್ರೆ

ದಸರಾ ರಜೆ, ದೀಪಾವಳಿಯ ಹೊತ್ತಿಗೆ ರಂಗೋಲಿ. 1, 3, 5, 7, 5, 3, 1 ಚುಕ್ಕಿ ಇಟ್ಟರೆ ಒಟ್ಟು 25. ಮೊದಲ ನಾಲ್ಕು ಸಾಲು ಮಾತ್ರ ಕೂಡಿಸಿ: 1, 4, 9, 16. ಬೆಸ ಸಂಖ್ಯೆಗಳನ್ನು ಕ್ರಮವಾಗಿ ಕೂಡಿದರೆ ವರ್ಗಸಂಖ್ಯೆ ಬರುತ್ತದೆ ಎಂಬುದನ್ನು ಮಗು ಅಂಗಳದಲ್ಲೇ ಕಂಡುಕೊಳ್ಳಬಹುದು.

ಅಡಿಕೆ ಕೊಯ್ಲಿನ ದಿನಗಳಲ್ಲಿ ತೂಕದ ಪಾಠ. ಚಾಲಿಗೆ ಹಾಕುವ ಹಣ್ಣಡಿಕೆಯಲ್ಲಿ ಸರಿಯಾಗಿ 1 ಕಿಲೋ ತೂಗಿ ಬೇರೆ ಬುಟ್ಟಿಯಲ್ಲಿ ಒಣಗಿಸಲು ಮಗುವಿಗೇ ಕೊಡಿ. ವಾರಕ್ಕೊಮ್ಮೆ ತೂಗಿ ಬರೆಯಲಿ. ಚಾಲಿ ಒಣಗಲು 35-40 ದಿನ ಬೇಕು, ಅಷ್ಟರಲ್ಲಿ ಐದಾರು ತೂಕದ ಪಟ್ಟಿ ಸಿದ್ಧ. ಸುಲಿದ ಮೇಲೆ ಕೊನೆಯ ತೂಕ ನೋಡಿ, ಕ್ವಿಂಟಲ್ ಚಾಲಿಗೆ ಎಷ್ಟು ಕ್ವಿಂಟಲ್ ಹಣ್ಣಡಿಕೆ ಬೇಕು ಎಂದು ಮನೆಯವರ ಜತೆ ಕೂತು ಲೆಕ್ಕ ಹಾಕಲಿ. ಸೊಸೈಟಿಯಿಂದ ಬಂದ ಬಿಲ್ಲು ಓದುವುದನ್ನೂ ಆಗಲೇ ಕಲಿಸಬಹುದು.

ತೋಟದಲ್ಲಿ ವಿಸ್ತೀರ್ಣ. 33 ಅಡಿ ಹಗ್ಗ ಹಿಡಿದು ನಾಲ್ಕು ಮೂಲೆಗೆ ಗೂಟ ಹೊಡೆದರೆ ಒಂದು ಗುಂಟೆ, 33 × 33 = 1089 ಚದರ ಅಡಿ. ಅಡಿಕೆಗೆ ಸುಮಾರು 9 ಅಡಿಗೆ 9 ಅಡಿ ಅಂತರ ಎಂದರೆ ಒಂದು ಗಿಡಕ್ಕೆ 81 ಚದರ ಅಡಿ. ಗುಂಟೆಗೆ 13 ಗಿಡ, ಎಕರೆಗೆ 537. ಈಗ ತೋಟದಲ್ಲಿ ನಿಜವಾಗಿ ಎಷ್ಟಿದೆ ಎಂದು ಎಣಿಸಲಿ. ಹೆಚ್ಚಿದ್ದರೆ ಏಕೆ, ಕಡಿಮೆಯಿದ್ದರೆ ಏಕೆ ಎಂಬ ಮಾತು ಅಪ್ಪನ ಜತೆ ತಾನಾಗಿ ಶುರುವಾಗುತ್ತದೆ.

ಜಾತ್ರೆಗೆ ಬಜೆಟ್. ಶಿರಸಿ ಮಾರಿಕಾಂಬೆಯ ದೊಡ್ಡ ಜಾತ್ರೆ ಎರಡು ವರ್ಷಕ್ಕೊಮ್ಮೆ, ಊರ ಜಾತ್ರೆ, ತೇರು ಪ್ರತಿ ವರ್ಷ. ಮಗುವಿನ ಕೈಗೆ 200 ರೂ. ಕೊಟ್ಟು, ತೊಟ್ಟಿಲಿಗೆ ಎಷ್ಟು, ತಿಂಡಿಗೆ ಎಷ್ಟು, ಆಟಿಕೆಗೆ ಎಷ್ಟು ಎಂದು ಮನೆಯಲ್ಲೇ ಬರೆಸಿ. ಮರಳಿದ ಮೇಲೆ ಖರ್ಚು ಬರೆಯಲಿ. ಒಂದು ಸಲ ತೊಟ್ಟಿಲಿಗೇ ಎಲ್ಲ ಮುಗಿದು ಐಸ್‌ಕ್ರೀಮ್ ತಪ್ಪಿದರೆ ಮುಂದಿನ ಸಲದ ಬಜೆಟ್ ಸರಿಯಾಗಿರುತ್ತದೆ.

ಯಾವ ತರಗತಿಗೆ ಎಷ್ಟು ಬರಬೇಕು?

2021ರಲ್ಲಿ ಆರಂಭವಾದ ಕೇಂದ್ರದ ‘ನಿಪುಣ್ ಭಾರತ್’ ಯೋಜನೆಯ ಗುರಿ ಪಾಲಕರಿಗೆ ಸುಲಭ ಅಳತೆಗೋಲು:

- 1ನೇ ತರಗತಿ ಮುಗಿದಾಗ: 99ರವರೆಗೆ ಓದಿ ಬರೆಯುವುದು, ಸರಳವಾಗಿ ಕೂಡುವುದು, ಕಳೆಯುವುದು.
- 2ನೇ ತರಗತಿ ಮುಗಿದಾಗ: 999ರವರೆಗೆ ಓದಿ ಬರೆಯುವುದು, 99ರವರೆಗಿನ ಸಂಖ್ಯೆಗಳನ್ನು ಕಳೆಯುವುದು.
- 3ನೇ ತರಗತಿ ಮುಗಿದಾಗ: 9999ರವರೆಗೆ ಓದಿ ಬರೆಯುವುದು, ಸರಳ ಗುಣಾಕಾರದ ಸಮಸ್ಯೆ ಬಿಡಿಸುವುದು.

ಮಗು ಇದಕ್ಕಿಂತ ಹಿಂದಿದ್ದರೆ ಗಾಬರಿ ಬೇಡ, ಬೈಗುಳವೂ ಬೇಡ. ಎಲ್ಲಿ ನಿಂತಿದೆಯೋ ಅಲ್ಲಿಂದ ಶುರು ಮಾಡಿ. 5ನೇ ತರಗತಿಯ ಮಗುವಿಗೆ ಕಳೆಯುವುದು ಬಾರದಿದ್ದರೆ ಹಿಡಿಕಡ್ಡಿಯಿಂದಲೇ ಆಗಲಿ, ನಾಚಿಕೆ ಇಲ್ಲ. ಪಕ್ಕದ ಮನೆಯ ಮಗುವಿನ ಜತೆ ಹೋಲಿಕೆ ಮಾಡಿದರೆ ಆಟ ಅಲ್ಲಿಗೇ ಮುಗಿಯಿತು. ಉತ್ತರ ತಪ್ಪಿದಾಗ ‘ತಪ್ಪು’ ಎನ್ನುವ ಬದಲು ‘ಹೇಗೆ ಲೆಕ್ಕ ಹಾಕ್ದೆ?’ ಎಂದು ಕೇಳಿ. ಹೇಳುತ್ತಾ ಹೇಳುತ್ತಾ ಅರ್ಧಕ್ಕರ್ಧ ಮಕ್ಕಳು ತಾವೇ ತಿದ್ದಿಕೊಳ್ಳುತ್ತಾರೆ. ಮಗು ಆಕಳಿಸಿದರೆ ನಿಲ್ಲಿಸಿಬಿಡಿ.

ಪಾಲಕರಿಗೆ ಓದು ಬಾರದಿದ್ದರೂ ಅಡ್ಡಿಯಿಲ್ಲ. ಕಡ್ಡಿ ಎಣಿಸಲು, ಹಪ್ಪಳ ಸಾಲಿಡಲು, ಚಿಲ್ಲರೆ ಕೊಡಲು ಅಕ್ಷರ ಬೇಕಿಲ್ಲ. ಮೇ 29ಕ್ಕೆ ಶಾಲೆಗೆ ಹೋದ ಮಗು 52ರಲ್ಲಿ 27 ಹೋದರೆ 25 ಎಂದು ಹೇಳಿದರೆ ಈ ರಜೆಯ ಲೆಕ್ಕ ಸರಿಯಾಯಿತು.